ಶ್ರೀ ಹಾನಗಲ್ಲ ಕುಮಾರ ಶಿವಯೋಗಿಗಳ ನಿತ್ಯಾಚರಣೆಯೂ ನಾಯಕತ್ವವೂ

ಲೋಕದಲ್ಲಿ ಜನರನ್ನು ನಡೆಯಿಸುವವರು ಅನೇಕರುಂಟು. ಕೆಲವರು ಅಧಿಕಾರದ ಬಲದಿಂದ ನಡೆಯಿಸುವರು, ಕೆಲವರು ಧನಬಲದಿಂದ, ಮತ್ತೆ ಕೆಲವರು ವಾಕ್ಚಾತುರ್ಯದಿಂದ. ಈ ಬಲಗಳು ಇರುವ ತನಕ ಜನರು ಹಿಂಬಾಲಿಸುವರು, ಅವು ತೀರಿದೊಡನೆ ಚದುರಿಹೋಗುವರು. ಆದರೆ ತನ್ನ ಹೊತ್ತನ್ನೂ ತನ್ನ ಹಸಿವನ್ನೂ ತನ್ನ ಕೋಪವನ್ನೂ ಮೊದಲು ತಾನೇ ಆಳಿಕೊಂಡವನ ಹಿಂದೆ ಜನರು ಕರೆಯದೆಯೇ ಬರುವರು. ಅವನು ಕಣ್ಮರೆಯಾದ ಮೇಲೆಯೂ ಅವನು ತೋರಿದ ದಾರಿಯನ್ನು ಬಿಡಲಾರರು. ಇದಕ್ಕೆ ದೃಷ್ಟಾಂತವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬಾದಾಮಿಯ ಸೀಮೆಯಲ್ಲಿ, ಮಲಪ್ರಭೆಯ ದಂಡೆಯಲ್ಲಿ, ಶಿವಯೋಗ ಮಂದಿರವೆಂಬ ಪುಣ್ಯಕ್ಷೇತ್ರದಲ್ಲಿ ಸಮಾಧಿಸ್ಥರಾಗಿರುವ ಲಿಂಗೈಕ್ಯ ಶ್ರೀ ಹಾನಗಲ್ಲ ಕುಮಾರ ಶಿವಯೋಗಿಗಳ ಚರಿತ್ರವೇ ಸಾಕು.

ಪೂಜ್ಯರ ಚರಿತ್ರವನ್ನು ಹಿರಿಯ ವಿದ್ವಾಂಸರು ಗದ್ಯದಲ್ಲಿಯೂ ಪದ್ಯದಲ್ಲಿಯೂ ವಿಸ್ತಾರವಾಗಿ ಬರೆದಿರುವರು. ಅದನ್ನೆಲ್ಲ ಮತ್ತೊಮ್ಮೆ ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಬ್ಬ ಬಡ ಹಳ್ಳಿಯ ಬಾಲಕನು ಸಮಸ್ತ ಸಮಾಜಕ್ಕೆ ನಾಯಕನಾಗುವಂತೆ ಮಾಡಿದ ಅಭ್ಯಾಸಗಳು ಯಾವುವು, ಮನೋಧರ್ಮವು ಎಂತಹದು, ಎಂಬಿಷ್ಟನ್ನೇ ಇಲ್ಲಿ ವಿಚಾರಿಸುವೆವು. ಮಠದ ಮಹೋತ್ಸವವೆಂದರೆ ತೋರಣ, ಮಂಟಪ, ಮೆರವಣಿಗೆಗಳಷ್ಟೇ ಅಲ್ಲ. ಮಠವು ಮುಂದೆ ಎಂತಹ ಕೈಗಳಲ್ಲಿ ಉಳಿಯಬೇಕೆಂದು ಭಕ್ತರೂ ಶಿಷ್ಯರೂ ಕೂಡಿ ಆಲೋಚಿಸುವ ಕಾಲವೂ ಅದೇ ಆಗಿದೆ.

ಜನನ ಮತ್ತು ಬಾಲ್ಯ

ಕುಮಾರ ಶಿವಯೋಗಿಗಳು ಕ್ರಿ. ಶ. 1867ನೆಯ ಇಸವಿಯಲ್ಲಿ, ಆಗಿನ ಧಾರವಾಡ ಜಿಲ್ಲೆಯ ರಾಣಿಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯೆಂಬ ಸಣ್ಣ ಗ್ರಾಮದಲ್ಲಿ ಜನ್ಮವೆತ್ತಿದರು. ತಂದೆ ಬಸವಯ್ಯನವರು, ತಾಯಿ ನೀಲಮ್ಮನವರು. ಬಾಲ್ಯನಾಮವು ಹಾಲಯ್ಯನೆಂದು. ಮನೆಯಲ್ಲಿ ಸಂಸ್ಕಾರವಿದ್ದಿತು, ಸಂಪತ್ತಿರಲಿಲ್ಲ. ಬಾಲಕನು ಕಜ್ಜರಿಯ ಶಾಲೆಯಲ್ಲಿ ಓದಿದನು, ಧಾರವಾಡಕ್ಕೆ ಹೋಗಿ ಮುಲ್ಕೀ ಪರೀಕ್ಷೆಗೆ ಕುಳಿತನು, ಅದರಲ್ಲಿ ಉತ್ತೀರ್ಣನಾಗಲಿಲ್ಲ. ಆ ಕಾಲದಲ್ಲಿ ಮುಲ್ಕೀ ಪರೀಕ್ಷೆಯೆಂದರೆ ಹಳ್ಳಿಯ ಹುಡುಗನಿಗೆ ಸರಕಾರಿ ನೌಕರಿಯ ಹೆಬ್ಬಾಗಿಲು. ಆ ಬಾಗಿಲು ಮುಚ್ಚಿದ್ದರಿಂದ ಹಾಲಯ್ಯನು ಕುಗ್ಗಿ ಕುಳಿತುಕೊಳ್ಳಲಿಲ್ಲ. ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸಕ್ಕೆ ನಿಂತನು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ಮುಂದೆ ನೂರಾರು ಪಾಠಶಾಲೆಗಳ ಹಿತವನ್ನು ಚಿಂತಿಸಿದ ಮಹಾತ್ಮನು ಮೊದಲು ಒಂದು ಹಳ್ಳಿಯ ಕೆಲವೇ ಮಕ್ಕಳ ಮುಂದೆ ಕುಳಿತು ತಿದ್ದಿಸಿದವನು. ಸಣ್ಣ ಕೆಲಸವನ್ನು ಸಣ್ಣದೆಂದು ತಿಳಿಯದೆ ಮಾಡುವುದು ನಾಯಕತ್ವದ ಮೊದಲನೆಯ ಪಾಠವೆಂದು ತೋರುವುದು. ದೊಡ್ಡ ಕೆಲಸವು ಕೈಗೆ ಬಂದ ಮೇಲೆ ಶ್ರದ್ಧೆಯನ್ನು ಅಭ್ಯಾಸ ಮಾಡುವೆನೆಂಬುವನಿಗೆ ಆ ಶ್ರದ್ಧೆಯು ಎಂದಿಗೂ ಬಾರದು.

ಕೆಲಕಾಲ ಹೀಗೆ ದುಡಿದ ಮೇಲೆ ವೈರಾಗ್ಯವು ಬಲಿಯಿತು. ಆದರೆ ಹಾಲಯ್ಯನವರು ರಾತ್ರೋರಾತ್ರಿ ಮನೆ ಬಿಟ್ಟು ಓಡಿದವರಲ್ಲ. ದುಡಿದು ಕೂಡಿಸಿದ ಹಣವನ್ನು ತಾಯಿಯ ಕೈಗೆ ಒಪ್ಪಿಸಿ, ಅವರನ್ನು ಸಮಾಧಾನಪಡಿಸಿ, ಆ ಮೇಲೆ ಹೊರಟರು. ಋಣವನ್ನು ತೀರಿಸದೆ ತ್ಯಾಗವಿಲ್ಲವೆಂಬ ಧರ್ಮವನ್ನು ಆ ತರುಣನು ಆಚರಿಸಿ ತೋರಿಸಿದನು. ಮನೆಯ ಹೊಣೆಯನ್ನು ನಡುವೆ ಕೈಬಿಟ್ಟವನು ಸಮಾಜದ ಹೊಣೆಯನ್ನು ಕಡೆಯ ವರೆಗೆ ಹೊರುವನೆಂದು ಹೇಗೆ ನಂಬಬೇಕು?

ಗುರುವಿನ ಅನ್ವೇಷಣೆ

ಮನೆಯಿಂದ ಹೊರಟವರು ಮೊದಲು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರ ಸನ್ನಿಧಿಯಲ್ಲಿ ವೇದಾಂತಶಾಸ್ತ್ರದ ಶ್ರವಣವನ್ನು ಮಾಡಿದರು. ಇಷ್ಟಲಿಂಗ ನಿಷ್ಠೆಯ ವಿಷಯದಲ್ಲಿ ತಮ್ಮ ಮನಸ್ಸಿಗೆ ಬೇರೆ ದಾರಿಯು ಕಂಡಾಗ ಆ ಸ್ಥಳವನ್ನು ಬಿಟ್ಟು ಮುಂದಕ್ಕೆ ನಡೆದರು. ಅನಂತರ ಎಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳನ್ನು ಗುರುಗಳನ್ನಾಗಿ ಪಡೆದು, ಅವರ ಸೇವೆಯಲ್ಲಿ ಶಂಭುಲಿಂಗನ ಬೆಟ್ಟದಲ್ಲಿ ಶಿವಯೋಗದ ಸಾಧನೆಯನ್ನು ನಡೆಯಿಸಿದರು.

ಗುರುಸೇವೆಯೆಂಬ ಮಾತು ಇಂದು ನಮ್ಮ ಬಾಯಲ್ಲಿ ಸವೆದು ಹೋಗಿರುವುದು. ಆದ್ದರಿಂದ ಅದರ ಅರ್ಥವನ್ನು ಬಿಡಿಸಿ ಹೇಳುವುದು ಉಚಿತ. ಹೊತ್ತು ಮೂಡುವ ಮೊದಲೇ ಏಳುವುದು, ನೀರು ತರುವುದು, ಪತ್ರಿ ಪುಷ್ಪಗಳನ್ನು ಕೂಡಿಸುವುದು, ಪೂಜೆಗೆ ಅಣಿಮಾಡುವುದು, ಗುರುವು ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವುದು, ಹೇಳದೆ ಇದ್ದುದನ್ನು ಇಂಗಿತದಿಂದ ತಿಳಿಯುವುದು: ಇವು ಶಿಷ್ಯನ ಕೆಲಸಗಳು. ಇವುಗಳಲ್ಲಿ ಒಂದಕ್ಕಾದರೂ ಪಾಂಡಿತ್ಯವು ಬೇಕಾಗಿಲ್ಲ. ಆದರೆ ಎಲ್ಲಕ್ಕೂ ಅಹಂಕಾರವನ್ನು ಬದಿಗಿಡಬೇಕು. ಆಜ್ಞೆ ಮಾಡುವ ಯೋಗ್ಯತೆಯು ಆಜ್ಞೆಯನ್ನು ಪಾಲಿಸಿದವನಿಗೇ ಬರುವುದೆಂದು ನಮ್ಮ ಹಿರಿಯರು ಸೇವಾಪದ್ಧತಿಯನ್ನು ಇಟ್ಟರು. ಕುಮಾರ ಶಿವಯೋಗಿಗಳು ಮುಂದೆ ಸಾಧಕರಿಂದ ಯಾವ ಕಠಿಣ ನಿಯಮವನ್ನು ಮಾಡಿಸಿದರೋ ಅದನ್ನು ತಾವು ಮೊದಲು ಶಿಷ್ಯರಾಗಿ ಮಾಡಿದ್ದರು. ಅದರಿಂದಲೇ ಅವರ ಮಾತಿಗೆ ತೂಕ ಬಂದಿತು.

ಹಾನಗಲ್ಲ ಮಠದ ಅಧಿಕಾರ

ಹಾನಗಲ್ಲ ವಿರಕ್ತಮಠದ ಶ್ರೀ ಫಕೀರ ಸ್ವಾಮಿಗಳ ತರುವಾಯ ಆ ಮಠದ ಅಧಿಕಾರವು ಇವರಿಗೆ ಬಂದಿತು. ಅಂದಿನಿಂದ ಸದಾಶಿವ ಸ್ವಾಮಿಗಳೆಂಬ ಅಭಿಧಾನವಾದರೂ ಜನರ ಬಾಯಲ್ಲಿ ಕುಮಾರ ಸ್ವಾಮಿಗಳೆಂಬ ಹೆಸರೇ ನಿಂತಿತು.

ಆ ಕಾಲದ ಮಠಗಳ ಸ್ಥಿತಿಯನ್ನು ನೆನೆಯದೆ ಅವರ ಕಾರ್ಯದ ಬೆಲೆಯು ತಿಳಿಯದು. ಮಠಗಳಿಗೆ ಹೊಲ ಗದ್ದೆಗಳಿದ್ದವು, ಭಕ್ತರ ಕಾಣಿಕೆಯಿದ್ದಿತು, ಗೌರವವಿದ್ದಿತು. ಆದರೆ ಅನೇಕ ಸ್ಥಳಗಳಲ್ಲಿ ಚಿಕ್ಕ ಮರಿಗಳನ್ನು ತಂದು ಪೀಠದ ಮೇಲೆ ಕುಳ್ಳಿರಿಸಿದ ಬಳಿಕ ಅವರಿಗೆ ವಿದ್ಯೆಯನ್ನು ಕೊಡುವ ವ್ಯವಸ್ಥೆಯೇ ಇರಲಿಲ್ಲ. ಕುಳಿತ ದಿವಸದಿಂದಲೇ ಪಾದಪೂಜೆಯು ಆರಂಭವಾಗುತ್ತಿದ್ದಿತು. ತಿದ್ದುವವರಿಲ್ಲದ ಬಾಲಕನಿಗೆ ಎಲ್ಲರೂ ಅಡ್ಡಬೀಳುತ್ತಿದ್ದರೆ ಅವನು ಕಲಿಯುವುದಾದರೂ ಯಾವಾಗ? ಪೀಠವು ಮನುಷ್ಯನನ್ನು ಎತ್ತರಕ್ಕೆ ಏರಿಸುವುದು ನಿಜ. ಆದರೆ ಏರಿದವನಿಗೆ ಅಲ್ಲಿ ನಿಲ್ಲುವ ಶಕ್ತಿಯನ್ನು ಪೀಠವು ಕೊಡಲಾರದು. ಕುಮಾರ ಸ್ವಾಮಿಗಳು ಈ ನ್ಯೂನತೆಯನ್ನು ಕಂಡು ಪರರನ್ನು ನಿಂದಿಸುತ್ತ ಕಾಲ ಕಳೆಯಲಿಲ್ಲ. ತಮಗೆ ದೊರೆತ ಮಠವನ್ನು ಸುಖಸ್ಥಾನವೆಂದು ಭಾವಿಸದೆ ಸಮಾಜದ ಕಾರ್ಯಕ್ಕೆ ತಂಗುದಾಣವೆಂದು ತಿಳಿದರು. ಒರಟಾದ ಕಾವಿಬಟ್ಟೆ, ಮಿತವಾದ ಪ್ರಸಾದ, ತಪ್ಪದ ಲಿಂಗಪೂಜೆ, ಬಿಡುವಿಲ್ಲದ ಸಂಚಾರ: ಇದೇ ಅವರ ಜೀವಿತವಾಯಿತು.

ಮಹಾಸಭೆ: ಹಿಂದೆ ನಿಂತು ನಡೆಯಿಸಿದ ಕಾರ್ಯ

ಊರೂರಿಗೆ ಬೇರೆಯಾಗಿದ್ದ ಸಮಾಜವನ್ನು ಒಂದು ಸಭೆಯಲ್ಲಿ ಕೂಡಿಸಬೇಕೆಂಬ ಸಂಕಲ್ಪವು ಪೂಜ್ಯರದು. ಅದರ ಫಲವಾಗಿ 1904ನೆಯ ಇಸವಿಯಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಮೊದಲು ಸೇರಿತು. ಅಧ್ಯಕ್ಷಸ್ಥಾನದಲ್ಲಿ ಕುಳಿತವರು ಮಾತ್ರ ಕುಮಾರ ಸ್ವಾಮಿಗಳಲ್ಲ, ಶಿರಸಂಗಿಯ ದೇಸಾಯಿಗಳಾದ ತ್ಯಾಗವೀರ ಲಿಂಗರಾಜರು. ಮರುವರ್ಷ ಬೆಂಗಳೂರಿನ ಸಭೆಗೂ ಲಿಂಗರಾಜರೇ ಅಧ್ಯಕ್ಷರಾದರು. ಅವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟರೆಂಬುದು ನಾಡಿಗೆಲ್ಲ ತಿಳಿದ ವಿಷಯವೇ ಆಗಿರುವುದು.

ತಾವು ನೆಟ್ಟ ಗಿಡದ ನೆರಳಿನಲ್ಲಿ ಮತ್ತೊಬ್ಬರನ್ನು ಕುಳ್ಳಿರಿಸುವುದು ಸುಲಭವಾದ ಮನಸ್ಸಲ್ಲ. ಸಂಸಾರವನ್ನು ತ್ಯಜಿಸಿದವರಲ್ಲಿಯೂ ಕೀರ್ತಿಯ ಆಶೆಯೊಂದು ಉಳಿದುಕೊಳ್ಳುವುದುಂಟು. ಹೊನ್ನು ಹೆಣ್ಣು ಮಣ್ಣುಗಳನ್ನು ಬಿಟ್ಟವನನ್ನೂ ಅದು ಕಾಡುವುದು. ಕುಮಾರ ಸ್ವಾಮಿಗಳು ಅದನ್ನು ಗೆದ್ದಿದ್ದರೆಂಬುದಕ್ಕೆ ಮಹಾಸಭೆಯ ಆರಂಭವೇ ಸಾಕ್ಷಿ. ಸಭೆಯನ್ನು ನಡೆಯಿಸಲು ದೇಸಾಯಿಗಳೂ ವಕೀಲರೂ ವರ್ತಕರೂ ಬೇಕು, ಅವರವರ ಶಕ್ತಿಯು ಅವರವರ ಸ್ಥಾನದಲ್ಲಿ ಉಪಯೋಗವಾಗಬೇಕು ಎಂಬುದನ್ನು ಅರಿತು, ತಾವು ಪ್ರೇರಕರಾಗಿ ಹಿಂದೆ ನಿಂತರು.

ಆ ಕಾಲದಲ್ಲಿ ನಮ್ಮ ಪ್ರಾಂತದಲ್ಲಿ ವಿದ್ಯಾಪ್ರಸಾರದ ಕಾರ್ಯವು ಹಲವು ಕಡೆಗಳಲ್ಲಿ ಒಂದೇ ಸಮನೆ ಚಿಗುರಿತು. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಬೀಳೂರ ಶ್ರೀ ಗುರುಬಸವ ಮಹಾಸ್ವಾಮಿಗಳ ಆಶೀರ್ವಾದದಿಂದ ಹುಟ್ಟಿತು; ವಿಜಾಪುರದಲ್ಲಿ 1910ರಲ್ಲಿ ಫ. ಗು. ಹಳಕಟ್ಟಿಯವರ ಶ್ರಮದಿಂದ ಲಿಂಗಾಯತ ವಿದ್ಯಾಸಂಸ್ಥೆಯು ಹುಟ್ಟಿತು. ಹೀಗೆ ಸ್ವಾಮಿಗಳೂ ಭಕ್ತರೂ ಪರಸ್ಪರ ಕೈ ಹಿಡಿದುದರಿಂದಲೇ ಹಿಂದುಳಿದಿದ್ದ ಈ ನಾಡು ಅಕ್ಷರವನ್ನು ಕಂಡಿತು.

ಶಿವಯೋಗ ಮಂದಿರದ ಸ್ಥಾಪನೆ

ಮಹಾಸಭೆಯು ಬಾಗಲಕೋಟೆಯಲ್ಲಿ ಸೇರಿದಾಗ, ಮಠಾಧಿಕಾರಿಗಳಾಗತಕ್ಕವರಿಗೆ ಮೊದಲೇ ಶಿಕ್ಷಣವನ್ನು ಕೊಡುವ ಸಂಸ್ಥೆಯೊಂದು ಬೇಕೆಂಬ ವಿಚಾರವು ನಿಶ್ಚಯಕ್ಕೆ ಬಂದಿತು. ಸ್ಥಳವೆಲ್ಲಿ ಎಂಬ ಪ್ರಶ್ನೆಯು ಬಂದಾಗ ಪೂಜ್ಯರು ತಾವೇ ತೀರ್ಮಾನಿಸಲಿಲ್ಲ. ಹುನಗುಂದದ ಸೀಮೆಯ ಇಳಕಲ್ಲ ಚಿತ್ತರಗಿ ಸಂಸ್ಥಾನದ ಶ್ರೀ ವಿಜಯ ಮಹಾಂತ ಶಿವಯೋಗಿಗಳು ವಯಸ್ಸಿನಲ್ಲಿಯೂ ತಪಸ್ಸಿನಲ್ಲಿಯೂ ಹಿರಿಯರು. ಅವರ ಮಾತನ್ನು ಪ್ರಮಾಣವೆಂದು ಸ್ವೀಕರಿಸಿದರು. ಆ ಮಹಾತ್ಮರು ತೋರಿದ ಸ್ಥಳವೇ ಮಲಪ್ರಭೆಯ ದಂಡೆಯ ಬಿಲ್ವವನವು. ಅಲ್ಲಿ 1909ರಲ್ಲಿ ಶಿವಯೋಗ ಮಂದಿರವು ಸ್ಥಾಪಿತವಾಯಿತು. ಸ್ಥಾಪನೆಯಾದ ಎರಡೇ ವರ್ಷಗಳಲ್ಲಿ, 1911ರಲ್ಲಿ, ಮಹಾಂತ ಶಿವಯೋಗಿಗಳು ಲಿಂಗೈಕ್ಯರಾದರು. ಅಥಣಿಯ ಶ್ರೀ ಮುರುಘೇಂದ್ರ ಶಿವಯೋಗಿಗಳಲ್ಲಿಯೂ ಪೂಜ್ಯರಿಗೆ ಇಂತಹುದೇ ಪರಮಭಕ್ತಿಯಿದ್ದಿತು. ತಾನು ಅನೇಕರಿಗೆ ಹಿರಿಯನಾದ ಮೇಲೆಯೂ ತನಗೆ ಹಿರಿಯರೊಬ್ಬರನ್ನು ಇಟ್ಟುಕೊಳ್ಳುವುದು ಮಹತ್ತರವಾದ ಅಭ್ಯಾಸ. ಕೇಳುವ ಕಿವಿಯು ಮುಚ್ಚಿದ ನಾಯಕನಿಗೆ ತನ್ನ ತಪ್ಪನ್ನು ಹೇಳುವವರು ಯಾರೂ ಉಳಿಯುವುದಿಲ್ಲ.

ಸ್ಥಳದ ಮಹಿಮೆಯನ್ನು ನಮ್ಮ ಭಾಗದ ಭಕ್ತರಿಗೆ ವರ್ಣಿಸಬೇಕಾದುದಿಲ್ಲ. ಒಂದು ಕಡೆಗೆ ಬನಶಂಕರಿ, ಮಹಾಕೂಟ. ಕೆಳಗೆ ಹೊಳೆಯ ಹರಿವಿನ ದಾರಿಯಲ್ಲಿ ಪಟ್ಟದಕಲ್ಲು, ಐಹೊಳೆ. ಹೊಳೆಯು ಕಡೆಗೆ ಹೋಗಿ ಕೃಷ್ಣೆಯನ್ನು ಕೂಡುವುದು ಹುನಗುಂದದ ಸೀಮೆಯ ಕೂಡಲಸಂಗಮದಲ್ಲಿ. ಪಟ್ಟಣದ ಗದ್ದಲದಿಂದ ದೂರವಾಗಿ, ಹೊಳೆಯ ನೀರು, ಬಿಲ್ವದ ನೆರಳು, ಕೆಂಪುಕಲ್ಲಿನ ಗುಡ್ಡಗಳ ನಡುವೆ ಮುಂದಿನ ಸ್ವಾಮಿಗಳು ಸಿದ್ಧರಾಗಬೇಕೆಂಬುದು ಆ ಹಿರಿಯರ ಅಭಿಪ್ರಾಯವಾಗಿತ್ತು.

ಮಂದಿರದ ದಿನಚರಿ

ಮಂದಿರದಲ್ಲಿ ವಟುಗಳಿಗೂ ಸಾಧಕರಿಗೂ ದೊರೆತ ಶಿಕ್ಷಣವು ಬರಿಯ ಪುಸ್ತಕದ್ದಾಗಿರಲಿಲ್ಲ. ಬೆಳಗಿನ ಜಾವದಲ್ಲಿ ಏಳುವುದು, ಹೊಳೆಯ ಸ್ನಾನ, ಲಿಂಗಪೂಜೆ, ಯೋಗಾಭ್ಯಾಸ. ಆ ಮೇಲೆ ಸಂಸ್ಕೃತ, ಕನ್ನಡ, ಶರಣರ ವಚನ, ಸಂಗೀತ, ವೈದ್ಯ ಮೊದಲಾದವುಗಳ ಪಾಠ. ಜೊತೆಗೆ ಕೈಕೆಲಸವೂ ಇದ್ದಿತು. ಮಂದಿರದಲ್ಲಿ ಗೋಶಾಲೆಯನ್ನು ಇಟ್ಟರು. ಆಕಳ ಸಗಣಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ, ಸೋಸಿ, ತಿಳಿಯನ್ನು ಬಸಿದು, ಗಟ್ಟಿ ಕಟ್ಟಿ ವಿಭೂತಿಯನ್ನು ಸಿದ್ಧಪಡಿಸುವ ಕ್ರಮವು ಅಲ್ಲಿ ನೆಲೆಗೊಂಡಿತು. ಶಿವಯೋಗ ಮಂದಿರದ ವಿಭೂತಿಯೆಂದರೆ ಇಂದಿಗೂ ಭಕ್ತರಿಗೆ ಅಚ್ಚುಮೆಚ್ಚು. ನೊಸಲಿಗೆ ಧರಿಸುವ ಭಸ್ಮವು ಎಷ್ಟು ಸಲ ನೀರಿನಲ್ಲಿ ಸೋಸಿ ಬರುವುದೆಂದು ಕಣ್ಣಾರೆ ಕಂಡ ವಟುವಿಗೆ ತನ್ನ ಮನಸ್ಸನ್ನೂ ಹಾಗೆಯೇ ಸೋಸಬೇಕೆಂದು ಬೇರೆ ಬೋಧೆಯು ಬೇಕೆ?

ಊರೂರುಗಳ ಮಠಮನೆಗಳಲ್ಲಿ ಗೆದ್ದಲು ತಿನ್ನುತ್ತಿದ್ದ ತಾಡವೋಲೆಯ ಗ್ರಂಥಗಳನ್ನು ಕೂಡಿಸಿ ಮಂದಿರದಲ್ಲಿ ರಕ್ಷಿಸಿದರು. ಶಾಸ್ತ್ರವನ್ನು ಬಲ್ಲ ಪಂಡಿತರನ್ನು ಹುಡುಕಿ ಕರೆತಂದು ಗೌರವದಿಂದ ಇಟ್ಟುಕೊಂಡರು. ತಮಗಿಂತ ಹೆಚ್ಚು ಓದಿದವರನ್ನು ಬಳಿಯಲ್ಲಿ ಇಟ್ಟುಕೊಳ್ಳಲು ಪೂಜ್ಯರು ಎಂದೂ ಹಿಂಜರಿಯಲಿಲ್ಲ. ಮುಲ್ಕೀ ಪರೀಕ್ಷೆಯಲ್ಲಿ ಸೋತ ಆ ಬಾಲಕನೇ ಈಗ ಪಂಡಿತರ ಪೋಷಕನಾದನು.

ಇಲ್ಲಿಂದ ಹೊರಟ ಸಾಧಕರು ನಾಡಿನ ಅನೇಕ ಮಠಗಳಿಗೆ ಅಧಿಪತಿಗಳಾದರು. ನಾಗನೂರ ರುದ್ರಾಕ್ಷಿಮಠದ ಶ್ರೀ ಶಿವಬಸವ ಸ್ವಾಮಿಗಳು ಈ ಮಂದಿರದಲ್ಲಿಯೇ ಬೆಳೆದು, ಬೆಳಗಾವಿಯಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯವನ್ನು ನಡೆಯಿಸಿದರು. ಗುರುವು ಹಾಕಿಸಿದ ಅಭ್ಯಾಸವು ಶಿಷ್ಯನ ಮುಖಾಂತರ ಎಷ್ಟು ಮನೆಗಳ ದೀಪವನ್ನು ಹೊತ್ತಿಸುವುದೆಂಬುದಕ್ಕೆ ಇದೊಂದೇ ಉದಾಹರಣೆಯು ಸಾಕು.

ಜೋಳಿಗೆಯ ವ್ರತ

ಇಷ್ಟು ಜನರ ಅನ್ನಕ್ಕೂ ವಿದ್ಯೆಗೂ ದ್ರವ್ಯವೆಲ್ಲಿಂದ? ಪೂಜ್ಯರು ಜೋಳಿಗೆಯನ್ನು ಹಿಡಿದರು. ಹಳ್ಳಿಹಳ್ಳಿಗೆ ಸಂಚರಿಸಿ ಭಕ್ತರಿಂದ ಕಾಳುಕಡಿಯನ್ನೂ ಹಣವನ್ನೂ ಬೇಡಿ ತಂದು ಮಂದಿರಕ್ಕೆ ಸುರಿದರು. ಹಾನಗಲ್ಲ ಮಠದ ಅಧಿಪತಿಗಳಿಗೆ ತಮ್ಮ ಹೊಟ್ಟೆಗಾಗಿ ಬೇಡಬೇಕಾದ ಕಾರಣವಿರಲಿಲ್ಲ. ತನಗಾಗಿ ಬೇಡುವುದು ದೈನ್ಯ. ಪರರಿಗಾಗಿ ಬೇಡುವುದು ತಪಸ್ಸು. ಬೇಡುವಾಗ ಒಬ್ಬನು ತುಂಬಿ ಕೊಡುವನು, ಮತ್ತೊಬ್ಬನು ಬಾಗಿಲು ಹಾಕಿಕೊಳ್ಳುವನು. ಎರಡನ್ನೂ ಸಮನಾಗಿ ಕಂಡು ಮುಂದಿನ ಮನೆಗೆ ನಡೆಯುವವನಲ್ಲಿ ಅಹಂಕಾರಕ್ಕೆ ಎಡೆಯೆಲ್ಲಿ? ಅದಲ್ಲದೆ ಒಕ್ಕಲಿಗನ ಅಂಗಳದಲ್ಲಿ ನಿಂತು ಅವನ ಜೋಳವನ್ನು ಪಡೆದವನು ಆ ಜೋಳದ ಹಿಂದಿರುವ ಬೆವರನ್ನು ಮರೆಯಲಾರನು. ಒಂದು ಹಿಡಿಯನ್ನೂ ವ್ಯರ್ಥವಾಗಿ ವೆಚ್ಚ ಮಾಡಲಾರನು. ಸಂಸ್ಥೆಯ ಲೆಕ್ಕವು ಶುದ್ಧವಾಗಿ ಉಳಿಯಲು ಇದಕ್ಕಿಂತ ಒಳ್ಳೆಯ ಕಾವಲು ಮತ್ತೊಂದಿಲ್ಲ.

ಈ ಜೋಳಿಗೆಯ ಅರ್ಥವು ನಮ್ಮ ಸೀಮೆಯಲ್ಲಿ ಮುಂದೆಯೂ ಬೆಳೆಯಿತು. ಇಳಕಲ್ಲ ಸಂಸ್ಥಾನದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಮನೆಮನೆಗೆ ಹೋಗಿ ಭಕ್ತರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡತೊಡಗಿದರು. 2018ರಲ್ಲಿ ಲಿಂಗೈಕ್ಯರಾಗುವ ವರೆಗೆ ಆ ಕಾರ್ಯವನ್ನು ಬಿಡಲಿಲ್ಲ. ಕಾಳಿನ ಜೋಳಿಗೆಯಾಗಲಿ ಚಟದ ಜೋಳಿಗೆಯಾಗಲಿ, ಎರಡರ ಗುಟ್ಟೂ ಒಂದೇ: ಹಿಡಿದವನ ಕೈ ಶುದ್ಧವಾಗಿದ್ದರೆ ಮಾತ್ರ ಜನರು ಅದರಲ್ಲಿ ಹಾಕುವರು.

ಪರರ ಗುಣವನ್ನು ಗುರುತಿಸುವ ದೃಷ್ಟಿ

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಇಬ್ಬರು ಅಂಧ ಸಹೋದರರಿದ್ದರು, ಗದಿಗೆಯ್ಯನೂ ಗುರುಬಸಯ್ಯನೂ. ಬಡತನವೊಂದು, ಕುರುಡುತನವೊಂದು, ಆದರೆ ಕಂಠವು ಮಾತ್ರ ದೈವದತ್ತ. ಕುಮಾರ ಸ್ವಾಮಿಗಳು ಆ ಬಾಲಕರನ್ನು ಕರೆತಂದು ಸಂಗೀತವನ್ನು ಕಲಿಸುವ ವ್ಯವಸ್ಥೆಯನ್ನು ಮಾಡಿದರು. 1892ರಲ್ಲಿ ಹುಟ್ಟಿದ ಗದಿಗೆಯ್ಯನೇ ಮುಂದೆ ನಾಡಿಗೆಲ್ಲ ಪ್ರಸಿದ್ಧರಾದ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಕರ್ನಾಟಕ ಸಂಗೀತವನ್ನು ಕಲಿತುದಲ್ಲದೆ, ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಸಾಧಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನ, ವಿದ್ಯೆ, ಸಂಗೀತಗಳನ್ನು ನೀಡುತ್ತ 1944ರಲ್ಲಿ ಲಿಂಗೈಕ್ಯರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆ ದೀಪವನ್ನು 2010ರ ವರೆಗೆ ಉರಿಸಿದರು.

ಅಂಧ ಬಾಲಕನನ್ನು ಕಂಡು ಕನಿಕರದಿಂದ ಒಂದು ಹೊತ್ತಿನ ಊಟವನ್ನು ಕೊಡುವವರು ಅನೇಕರಿರುವರು. ಅವನಲ್ಲಿರುವ ವಿದ್ಯೆಯನ್ನು ಕಂಡು ಅದಕ್ಕೆ ತಕ್ಕ ಗುರುವನ್ನು ಒದಗಿಸಿ, ಅವನನ್ನು ಬೇಡುವ ಕೈಯಿಂದ ಕೊಡುವ ಕೈಯನ್ನಾಗಿ ಮಾಡುವವನು ಅಪರೂಪ. ಅನುಯಾಯಿಗಳನ್ನು ಕೂಡಿಸುವುದಕ್ಕಿಂತ ಮತ್ತೊಬ್ಬ ನಾಯಕನನ್ನು ಬೆಳೆಸುವುದು ಹೆಚ್ಚಿನ ಕೆಲಸವೆಂದು ಪೂಜ್ಯರು ಬಲ್ಲವರಾಗಿದ್ದರು.

ಕೈಗೂಡದ ಕಾರ್ಯ

ಮಹಾತ್ಮರ ಚರಿತ್ರವನ್ನು ಬರೆಯುವಾಗ ಅವರ ಎಲ್ಲ ಸಂಕಲ್ಪಗಳೂ ಸಿದ್ಧಿಸಿದುವೆಂದು ಹೇಳುವುದು ವಾಡಿಕೆ. ಅದು ಅವರಿಗೆ ಮಾಡುವ ಗೌರವವಲ್ಲ. ಗುರುವರ್ಗ ವಿರಕ್ತವರ್ಗಗಳ ನಡುವಣ ಭೇದವು ಅಳಿದು ಸಮಾಜವು ಒಂದಾಗಬೇಕೆಂದು ಪೂಜ್ಯರು ಬಹಳ ಶ್ರಮಪಟ್ಟರು. ತಾವು ವಿರಕ್ತರಾದರೂ ಮಂದಿರದಲ್ಲಿ ಎರಡೂ ವರ್ಗದ ವಟುಗಳಿಗೆ ಸ್ಥಾನವನ್ನು ಕೊಟ್ಟರು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ನೇಕಾರನು ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸುವನಷ್ಟೆ; ಪೂಜ್ಯರೂ ಹಾಗೆಯೇ ಒಬ್ಬೊಬ್ಬ ವಟುವಿನ ಮುಖಾಂತರವಾಗಿ ಎರಡನ್ನೂ ಕೂಡಿಸಲು ನೋಡಿದರು. ಆದರೆ ಆ ಭೇದವು ಅವರ ಜೀವಿತಕಾಲದಲ್ಲಿ ಅಳಿಯಲಿಲ್ಲ. ಅವರ ತರುವಾಯವೂ ಪೂರ್ತಿಯಾಗಿ ಅಳಿದಿಲ್ಲವೆಂಬುದನ್ನು ನಾವು ಬಲ್ಲೆವು.

ಆದರೂ ಫಲವು ಕಾಣಲಿಲ್ಲವೆಂದು ಅವರು ಕಾರ್ಯವನ್ನು ಬಿಡಲಿಲ್ಲ. ನಾಯಕನ ಮನಸ್ಸು ಪರೀಕ್ಷೆಗೆ ಗುರಿಯಾಗುವುದು ಗೆದ್ದ ದಿವಸವಲ್ಲ, ಗೆಲುವಿನ ಸುಳಿವೇ ಇಲ್ಲದ ದಿವಸ. ಅಂತಹ ದಿವಸಗಳಲ್ಲಿಯೂ ಬೆಳಗಿನ ಜಾವದಲ್ಲಿ ಎದ್ದು, ಪೂಜೆಯನ್ನು ಮುಗಿಸಿ, ಆ ದಿನದ ಕೆಲಸಕ್ಕೆ ಕೈಯಿಕ್ಕುವುದೇ ನಿತ್ಯಾಚರಣೆಯ ಮಹಿಮೆ. ಉತ್ಸಾಹವು ಬಂದುಹೋಗುವ ಅತಿಥಿ. ಅಭ್ಯಾಸವು ಮನೆಯ ಮಗ.

ಲಿಂಗೈಕ್ಯ

ಹೀಗೆ ದೇಹವನ್ನು ಸಮಾಜಕ್ಕಾಗಿ ಸವೆಯಿಸಿದ ಪೂಜ್ಯರು 1930ನೆಯ ಇಸವಿಯಲ್ಲಿ ಶಿವಯೋಗ ಮಂದಿರದಲ್ಲಿ ಲಿಂಗೈಕ್ಯರಾದರು. ಸಾಧಕರು ನಿತ್ಯವೂ ಪೂಜಿಸುವ ಅವರ ಗದ್ದುಗೆಯು ಅದೇ ಮಲಪ್ರಭೆಯ ದಂಡೆಯಲ್ಲಿರುವುದು. ಅವರು ಕಂಡ ವಿಜಾಪುರ ಜಿಲ್ಲೆಯು ಒಡೆದು 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತು, ರಾಜ್ಯಗಳು ಬದಲಾದವು, ಆದರೆ ಬೆಳಗಿನ ಜಾವದಲ್ಲಿ ಏಳುವ ವಟುಗಳ ಮಂತ್ರಧ್ವನಿಯು ಬದಲಾಗಲಿಲ್ಲ.

ನಾವು ಕಲಿಯತಕ್ಕದ್ದು

ಸದ್ಭಕ್ತರೇ, ಈ ಚರಿತ್ರವು ಸ್ವಾಮಿಗಳಾಗತಕ್ಕವರಿಗೆ ಮಾತ್ರ ಸಂಬಂಧಪಟ್ಟುದೆಂದು ತಿಳಿಯಬಾರದು. ಮನೆಯ ಯಜಮಾನನೂ ನಾಯಕನೇ; ಸೊಸೆಯಂದಿರನ್ನು ನಡೆಯಿಸುವ ಅತ್ತೆಯೂ ನಾಯಕಿಯೇ; ಮಗ್ಗದ ಮನೆಯ ಒಡೆಯನೂ, ಶಾಲೆಯ ಗುರುಗಳೂ, ಪಂಚಾಯತಿಯ ಹಿರಿಯರೂ ನಾಯಕರೇ. ಮಕ್ಕಳು ಬೇಗ ಏಳಬೇಕೆಂದು ಹೊದ್ದುಕೊಂಡು ಮಲಗಿಯೇ ಕೂಗುವ ತಂದೆಯ ಮಾತನ್ನು ಯಾರೂ ಕೇಳರು. ಆಳು ಹೊತ್ತಿಗೆ ಸರಿಯಾಗಿ ಬರಬೇಕಾದರೆ ಒಡೆಯನು ಅವನಿಗಿಂತ ಮೊದಲು ಬಂದಿರಬೇಕು.

ಶಿಷ್ಯರಾದವರು ಸೇವೆಯನ್ನು ಕೀಳೆಂದು ಭಾವಿಸದಿರಲಿ. ಹಿರಿಯರನ್ನು ಕೇಳುವುದನ್ನು ಬಿಡದಿರಲಿ. ತಮ್ಮ ಕೆಲಸಕ್ಕೆ ಪರರಿಗೆ ಮಾನವು ಸಲ್ಲುವುದನ್ನು ಸಹಿಸುವುದನ್ನು ಕಲಿಯಲಿ. ಭಕ್ತರಾದವರಿಗೂ ಒಂದು ಹೊಣೆಯುಂಟು. ಮರಿಯನ್ನು ಪೀಠಕ್ಕೆ ತಂದ ದಿವಸದಿಂದಲೇ ಅಡ್ಡಬಿದ್ದು ಕೆಡಿಸದೆ, ಅವನ ಓದು, ಪೂಜೆ, ನಡೆಗಳು ಹದವಾಗುವ ವರೆಗೆ ಕಾಯುವ ತಾಳ್ಮೆಯು ಅವರಲ್ಲಿರಬೇಕು. ಈ ಕಾರಣಕ್ಕಾಗಿಯೇ ಕುಮಾರ ಶಿವಯೋಗಿಗಳು ಬಿಲ್ವವನದಲ್ಲಿ ಮಂದಿರವನ್ನು ಕಟ್ಟಿದುದು. ಆ ತಾಳ್ಮೆಯನ್ನು ನಾವು ಕಳೆದುಕೊಂಡರೆ ಎಷ್ಟು ಮಹೋತ್ಸವಗಳನ್ನು ಮಾಡಿದರೂ ಮಠವು ಗೋಡೆಯಾಗಿ ಉಳಿಯುವುದೇ ಹೊರತು ಜೀವಂತವಾಗಿ ಉಳಿಯದು.

ಪೂಜ್ಯ ಕುಮಾರ ಶಿವಯೋಗಿಗಳ ಕೃಪೆಯು ಈ ಮಠದ ಮೇಲೆಯೂ, ಸಮಸ್ತ ಭಕ್ತಕುಲದ ಮೇಲೆಯೂ ನಿರಂತರವಾಗಿರಲೆಂದು ಪ್ರಾರ್ಥಿಸಿ ಈ ಲೇಖನಪುಷ್ಪವನ್ನು ಅವರ ಗದ್ದುಗೆಗೆ ಸಮರ್ಪಿಸುವೆವು.

ಮಂಗಳಮಸ್ತು.